ದ್ರಾಕ್ಷಿ ಮತ್ತು ಓಲಿವ್: ಪೋಷಕಾಂಶಗಳಲ್ಲಿ ಯಾವುದು ಹೇಗೆ?

ಪವಿತ್ರ ಬೈಬಲಿನ ಮೊದಲ ಪುಸ್ತಕದಲ್ಲೇ ಈ ಎರಡೂ ಸಸ್ಯಗಳು ಒಂದರ ಹಿಂದೆ ಒಂದು ಕಾಣಿಸಿಕೊಳ್ಳುತ್ತವೆ. ಜಲಪ್ರಳಯ ಇಳಿದ ಮೇಲೆ ಪಾರಿವಾಳ ನೋವನ ಬಳಿಗೆ ತಂದದ್ದು ಓಲಿವ್ ಎಲೆ (ಆದಿಕಾಂಡ 8). ನಾವೆಯಿಂದ ಇಳಿದ ನೋವ ನೆಟ್ಟದ್ದು ದ್ರಾಕ್ಷಿತೋಟ (ಆದಿಕಾಂಡ 9). ವಾಗ್ದತ್ತ ನಾಡಿನ ಬೆಳೆಗಳ ಪಟ್ಟಿಯಲ್ಲಿಯೂ ಗೋಧಿ, ಜವೆ, ಅಂಜೂರ, ದಾಳಿಂಬೆಗಳ ಜೊತೆಗೆ ಇವೆರಡರ ಹೆಸರಿದೆ (ಧರ್ಮೋಪದೇಶಕಾಂಡ 8). ದಯಾಳು ಸಮಾರಿಯದವನು ಗಾಯಾಳುವಿನ ಗಾಯಕ್ಕೆ ಸುರಿದದ್ದು ಎಣ್ಣೆ ಮತ್ತು ದ್ರಾಕ್ಷಾರಸ. ಹೀಗೆ ಚರ್ಚಿಗೆ ಹೋಗುವ ನಮಗೆಲ್ಲ ಈ ಎರಡು ಹಣ್ಣುಗಳ ಹೆಸರು ಬಾಲ್ಯದಿಂದಲೂ ಪರಿಚಿತ.

ಊಟದ ಮೇಜಿನ ಮಾತೇ ಬೇರೆ. ಕರಾವಳಿಯ ಮನೆಗಳಲ್ಲಿ ದ್ರಾಕ್ಷಿ ಬಹಳ ಹಿಂದಿನಿಂದಲೂ ಇದೆ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕೈಯಲ್ಲಿ ಒಂದು ಕಿಲೋ ದ್ರಾಕ್ಷಿ ಇರಲೇಬೇಕೆಂಬುದು ಅಲಿಖಿತ ನಿಯಮವೇ ಆಗಿದೆ. ಓಲಿವ್ ಮಾತ್ರ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮವರು ರಜೆಯಲ್ಲಿ ಊರಿಗೆ ಬರುವಾಗ ತರುವ ಡಬ್ಬಿಗಳ ಮೂಲಕ ನಮ್ಮ ಅಡಿಗೆಮನೆಗೆ ಬಂತು. ಈಗ ಪೇಟೆಯ ದೊಡ್ಡ ಅಂಗಡಿಗಳಲ್ಲೂ ಸಿಗುತ್ತದೆ. 'ಓಲಿವ್ ಹೃದಯಕ್ಕೆ ಒಳ್ಳೆಯದು, ದ್ರಾಕ್ಷಿ ರಕ್ತಕ್ಕೆ ಒಳ್ಳೆಯದು' ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮಾತಿನಲ್ಲಿ ನಿಜವೆಷ್ಟು, ಯಾರ ಮನೆಗೆ ಯಾವುದನ್ನು ಕೊಂಡೊಯ್ಯಬಹುದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಎರಡೂ ಹಣ್ಣೇ, ಆದರೆ ಜಾತಿ ಬೇರೆ

ಸಸ್ಯಶಾಸ್ತ್ರದ ಪ್ರಕಾರ ಎರಡೂ ಹಣ್ಣುಗಳೇ. ಆಶ್ಚರ್ಯವೆಂದರೆ ಎರಡರಲ್ಲೂ ನೀರಿನ ಅಂಶ ಹೆಚ್ಚು ಕಡಿಮೆ ಒಂದೇ. 100 ಗ್ರಾಂ ತಾಜಾ ದ್ರಾಕ್ಷಿಯಲ್ಲಿ ಸುಮಾರು 80 ಗ್ರಾಂ ನೀರು; ಡಬ್ಬಿಯ ಕಪ್ಪು ಓಲಿವಿನಲ್ಲಿಯೂ ಸುಮಾರು 80 ಗ್ರಾಂ. ವ್ಯತ್ಯಾಸವೆಲ್ಲ ಉಳಿದ 20 ಗ್ರಾಂನಲ್ಲಿದೆ. ದ್ರಾಕ್ಷಿಯಲ್ಲಿ ಅದು ಬಹುಪಾಲು ಸಕ್ಕರೆ, ಓಲಿವಿನಲ್ಲಿ ಬಹುಪಾಲು ಎಣ್ಣೆ. ದ್ರಾಕ್ಷಿ ಹಣ್ಣಾದಂತೆ ಸಕ್ಕರೆಯನ್ನು ಕೂಡಿಸಿಟ್ಟುಕೊಳ್ಳುತ್ತದೆ, ಓಲಿವ್ ಕೊಬ್ಬನ್ನು ಕೂಡಿಸಿಟ್ಟುಕೊಳ್ಳುತ್ತದೆ. ಆದುದರಿಂದ ಇವೆರಡನ್ನು ಹೋಲಿಸುವುದೆಂದರೆ ಬಾಳೆಹಣ್ಣನ್ನು ತೆಂಗಿನಕಾಯಿಗೆ ಹೋಲಿಸಿದ ಹಾಗೆ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಂತೆ 100 ಗ್ರಾಂ ದ್ರಾಕ್ಷಿಯಿಂದ 69 ಕಿಲೋ ಕ್ಯಾಲೊರಿ ಶಕ್ತಿ ಸಿಗುತ್ತದೆ. ಅದರಲ್ಲಿ ಸಕ್ಕರೆ 15ರಿಂದ 16 ಗ್ರಾಂ, ಕೊಬ್ಬು ಲೆಕ್ಕಕ್ಕೇ ಇಲ್ಲ, ಪ್ರೋಟೀನು 1 ಗ್ರಾಂಗೂ ಕಡಿಮೆ. ಅಷ್ಟೇ ತೂಕದ ಕಪ್ಪು ಓಲಿವಿನಿಂದ ಸುಮಾರು 115 ಕಿಲೋ ಕ್ಯಾಲೊರಿ, ಕೊಬ್ಬು ಸುಮಾರು 11 ಗ್ರಾಂ, ಸಕ್ಕರೆ ಇಲ್ಲವೇ ಇಲ್ಲ ಎನ್ನಬಹುದು. ಹಸಿರು ಓಲಿವಿನಲ್ಲಿ ಕೊಬ್ಬು ಇನ್ನೂ ಹೆಚ್ಚು, ಸುಮಾರು 15 ಗ್ರಾಂ. ಶಕ್ತಿ 145 ಕಿಲೋ ಕ್ಯಾಲೊರಿ. ಪ್ರೋಟೀನಿನ ವಿಷಯದಲ್ಲಿ ಎರಡೂ ಬಡವೇ. ಒಂದು ಮೊಟ್ಟೆ ಅಥವಾ ಒಂದು ಹಿಡಿ ಕಡಲೆಯಿಂದ ಸಿಗುವುದು ಇವುಗಳಿಂದ ಸಿಗಲಾರದು.

ದ್ರಾಕ್ಷಿ: ಎಣಿಸಿ ತಿನ್ನುವ ಹಣ್ಣು

ದ್ರಾಕ್ಷಿಯ ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚು ಕಡಿಮೆ ಸಮಪಾಲು. ಗ್ಲೂಕೋಸ್ ಬೇಗನೆ ರಕ್ತಕ್ಕೆ ಸೇರುತ್ತದೆ. ಜ್ವರದಿಂದ ಎದ್ದವರಿಗೆ, ಬಾಯಿರುಚಿ ಕೆಟ್ಟವರಿಗೆ ನಾಲ್ಕು ದ್ರಾಕ್ಷಿ ಕೊಟ್ಟರೆ ಚೇತರಿಸಿಕೊಂಡಂತೆ ಕಾಣುವುದು ಇದರಿಂದಲೇ. ನೀರು, ಸಕ್ಕರೆ, ಸ್ವಲ್ಪ ಹುಳಿ ಎಲ್ಲವೂ ಒಟ್ಟಿಗೆ ಸಿಗುತ್ತವೆ. ಹಿರಿಯರು ರೋಗಿಗೆ ದ್ರಾಕ್ಷಿ ಒಯ್ಯುವ ಪದ್ಧತಿ ಮಾಡಿದ್ದು ತಪ್ಪಲ್ಲ. ಆ ಕಾಲದ ರೋಗಿ ಹೆಚ್ಚಾಗಿ ಜ್ವರ, ಭೇದಿಗಳಿಂದ ನಿಶ್ಶಕ್ತನಾದವನು. ಇಂದು ಹಾಸಿಗೆಯಲ್ಲಿರುವವರಲ್ಲಿ ಅನೇಕರು ಸಕ್ಕರೆ ಕಾಯಿಲೆಯವರು. ಪದ್ಧತಿ ಹಾಗೆಯೇ ಉಳಿದಿದೆ, ಕಾಯಿಲೆ ಬದಲಾಗಿದೆ.

ಒಂದು ಸಾಧಾರಣ ದ್ರಾಕ್ಷಿ ಹಣ್ಣು ಸುಮಾರು 5 ಗ್ರಾಂ ತೂಗುತ್ತದೆ. ಇಪ್ಪತ್ತು ಹಣ್ಣಿಗೆ 100 ಗ್ರಾಂ. ಅಂದರೆ ಇಪ್ಪತ್ತು ಹಣ್ಣು ತಿಂದರೆ ಸುಮಾರು ನಾಲ್ಕು ಚಹಾ ಚಮಚ ಸಕ್ಕರೆ ಹೊಟ್ಟೆ ಸೇರುತ್ತದೆ. ಮಾತನಾಡುತ್ತಾ ಒಂದೊಂದೇ ಬಾಯಿಗೆ ಹಾಕಿಕೊಂಡರೆ ಐವತ್ತು ಹಣ್ಣು ಖಾಲಿಯಾದದ್ದು ತಿಳಿಯುವುದೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯು ಆರೋಗ್ಯವಂತರಿಗೆ ಸೂಚಿಸುವ ಹಣ್ಣಿನ ಪ್ರಮಾಣ ದಿನಕ್ಕೆ 100 ಗ್ರಾಂ. ಆ ಲೆಕ್ಕದಲ್ಲಿ ಬೇರೆ ಹಣ್ಣು ತಿನ್ನದ ದಿನ ಇಪ್ಪತ್ತು ದ್ರಾಕ್ಷಿ ಸರಿ. ಸಕ್ಕರೆ ಕಾಯಿಲೆಯವರು ದ್ರಾಕ್ಷಿಯನ್ನು ಸಂಪೂರ್ಣ ಬಿಡಬೇಕೆಂದಿಲ್ಲ. ಎಂಟು ಹತ್ತು ಹಣ್ಣನ್ನು ಎಣಿಸಿ ಬಟ್ಟಲಿಗೆ ಹಾಕಿಕೊಂಡು ಗೊಂಚಲನ್ನು ಒಳಗಿಟ್ಟರೆ ಸಾಕು. ತಮ್ಮ ಮಿತಿ ಎಷ್ಟೆಂದು ವೈದ್ಯರಲ್ಲಿ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ವಿಟಮಿನ್ ವಿಷಯದಲ್ಲಿ ದ್ರಾಕ್ಷಿಗೆ ಇರುವ ಹೆಸರು ಅದರ ಅರ್ಹತೆಗಿಂತ ದೊಡ್ಡದು. 100 ಗ್ರಾಂನಲ್ಲಿ ವಿಟಮಿನ್ ಸಿ ಕೇವಲ 3 ಮಿಲಿಗ್ರಾಂ. ನಮ್ಮ ಹಿತ್ತಿಲಿನ ಪೇರಳೆಯಲ್ಲಿ ಅದು 200 ಮಿಲಿಗ್ರಾಂ ದಾಟುತ್ತದೆ. 'ರಕ್ತ ಹೆಚ್ಚಾಗುತ್ತದೆ' ಎಂಬ ಮಾತಿಗೂ ಆಧಾರ ಕಡಿಮೆ. ಕಬ್ಬಿಣಾಂಶ ಅರ್ಧ ಮಿಲಿಗ್ರಾಂಗೂ ಕೆಳಗೆ. ಕಪ್ಪು ದ್ರಾಕ್ಷಿಯ ಬಣ್ಣ ರಕ್ತದ ಬಣ್ಣವನ್ನು ಹೋಲುವುದರಿಂದ ಈ ನಂಬಿಕೆ ಬಂದಿರಬೇಕು. ಪೊಟ್ಯಾಶಿಯಂ ಸುಮಾರು 190 ಮಿಲಿಗ್ರಾಂ ಇದೆ, ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ರಕ್ತದೊತ್ತಡ ಇರುವವರಿಗೆ ಇದು ಒಳ್ಳೆಯ ಸುದ್ದಿ.

ಕಪ್ಪು ಮತ್ತು ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ಬಣ್ಣದ ವಸ್ತುಗಳಿವೆ, ರೆಸ್ವೆರಟ್ರಾಲ್ ಎಂಬುದೂ ಇದೆ. 1990ರ ದಶಕದಲ್ಲಿ ಕೆಂಪು ವೈನು ಹೃದಯಕ್ಕೆ ಒಳ್ಳೆಯದೆಂಬ ಪ್ರಚಾರಕ್ಕೆ ಈ ರೆಸ್ವೆರಟ್ರಾಲ್ ಬಹಳ ಸಹಾಯ ಮಾಡಿತು. ಆದರೆ ಪ್ರಯೋಗಶಾಲೆಯಲ್ಲಿ ಬಳಸುವ ಪ್ರಮಾಣಕ್ಕೂ ಹಣ್ಣಿನಲ್ಲಿರುವ ಪ್ರಮಾಣಕ್ಕೂ ಅಜಗಜಾಂತರ. ಸಿಪ್ಪೆ ಸಮೇತ ತಿನ್ನುವುದು ಒಳ್ಳೆಯದು, ಅದನ್ನು ಔಷಧವೆಂದು ಭಾವಿಸುವುದು ಬೇಡ. ಕರ್ನಾಟಕದವರಿಗೆ ಹತ್ತಿರದ ಉದಾಹರಣೆ ಬೆಂಗಳೂರು ನೀಲಿ ದ್ರಾಕ್ಷಿ. ಗಟ್ಟಿ ಸಿಪ್ಪೆ, ಬೀಜ, ಹುಳಿ ಇರುವ ಈ ತಳಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕಡೆ ಬೆಳೆಯುತ್ತದೆ; ಭೌಗೋಳಿಕ ಗುರುತೂ ಇದಕ್ಕೆ ಸಿಕ್ಕಿದೆ. ಬೀಜವಿಲ್ಲದ ಹಸಿರು ದ್ರಾಕ್ಷಿ ವಿಜಯಪುರ, ಬಾಗಲಕೋಟೆ ಮತ್ತು ಮಹಾರಾಷ್ಟ್ರದ ನಾಸಿಕ್ ಕಡೆಯಿಂದ ಬರುತ್ತದೆ. ತಿನ್ನಲು ಹಸಿರು ಸುಲಭ, ಬಣ್ಣದ ವಸ್ತುಗಳ ಲೆಕ್ಕದಲ್ಲಿ ಕಪ್ಪಿಗೇ ಮೇಲುಗೈ.

ಒಣದ್ರಾಕ್ಷಿ, ಜ್ಯೂಸ್ ಮತ್ತು ವೈನ್

ನೀರು ಹೋದರೆ ಉಳಿದದ್ದೆಲ್ಲ ಗಟ್ಟಿಯಾಗುತ್ತದೆ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಸಕ್ಕರೆ 60 ಗ್ರಾಂನ ಆಸುಪಾಸು, ಶಕ್ತಿ ಸುಮಾರು 300 ಕಿಲೋ ಕ್ಯಾಲೊರಿ. ಕಬ್ಬಿಣ, ನಾರು, ಪೊಟ್ಯಾಶಿಯಂಗಳೂ ಹಲವು ಪಟ್ಟು ಹೆಚ್ಚಾಗುತ್ತವೆ ಎಂಬುದು ನಿಜವೇ. ಕ್ರಿಸ್ಮಸ್ ಕೇಕಿನಲ್ಲಿ ಒಂದು ಹಿಡಿ ಹಾಕುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯವರು 'ಡ್ರೈಫ್ರೂಟ್ ಅಲ್ಲವೇ' ಎಂದು ದಿನವೂ ಮುಷ್ಟಿ ತುಂಬ ತಿನ್ನುವುದು ಸರಿಯಲ್ಲ.

ಜ್ಯೂಸಿನ ಕಥೆ ಇನ್ನೂ ಸ್ವಲ್ಪ ಕಷ್ಟದ್ದು. ಇಡೀ ಹಣ್ಣಿನ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಮಿತಿಗೊಳಿಸಬೇಕಾದ ಸಕ್ಕರೆಯ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಹಣ್ಣಿನ ರಸದ ಸಕ್ಕರೆಯನ್ನು ಸೇರಿಸುತ್ತದೆ. ಹಿಂಡಿ ಸೋಸಿದಾಗ ಸಿಪ್ಪೆ, ನಾರು ಹೋಗಿ ಸಿಹಿನೀರಷ್ಟೇ ಉಳಿಯುವುದು ಇದಕ್ಕೆ ಕಾರಣ. ಜ್ಯೂಸ್ ನಿಜವಾಗಿ ಉಪಕಾರಕ್ಕೆ ಬರುವ ಸಂದರ್ಭ ಒಂದಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಒಮ್ಮೆಲೇ ಇಳಿದು ಬೆವರು, ನಡುಕ ಬಂದಾಗ ಅರ್ಧ ಲೋಟ ದ್ರಾಕ್ಷಿ ಜ್ಯೂಸ್ ಬೇಗನೆ ಕೆಲಸ ಮಾಡುತ್ತದೆ. ರೋಗಿಗೆ ಪ್ರಜ್ಞೆ ಇದ್ದರೆ ಮಾತ್ರ ಕೊಡಬೇಕು.

ನಮ್ಮ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನ್ ಮಾಡುವ ರೂಢಿಯಿದೆ. ಹಬ್ಬದ ಸಂತೋಷದ ಮಾತು ಬೇರೆ, ಪೋಷಕಾಂಶದ ಮಾತು ಬೇರೆ. ಮನೆಯ ವೈನಿಗೆ ಕಿಲೋಗಟ್ಟಲೆ ಸಕ್ಕರೆ ಸುರಿಯುತ್ತೇವೆ, ಅದರ ಮೇಲೆ ಮದ್ಯಸಾರ. ಮದ್ಯಸಾರದ ಪಾನೀಯಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದುದರಿಂದ ಹೃದಯದ ಹೆಸರು ಹೇಳಿ ಗ್ಲಾಸು ತುಂಬಿಸಿಕೊಳ್ಳಲು ಈಗ ನೆಪ ಉಳಿದಿಲ್ಲ.

ಓಲಿವ್: ಉಪ್ಪಿನಲ್ಲಿಟ್ಟ ಮಿಡಿಯ ಬಂಧು

ಓಲಿವ್ ಹಣ್ಣನ್ನು ಮರದಿಂದ ಕಿತ್ತು ಹಾಗೆಯೇ ತಿನ್ನಲಾಗದು. ಅದರಲ್ಲಿರುವ ಒಲಿಯುರೊಪೀನ್ ಎಂಬ ವಸ್ತು ನಾಲಿಗೆಗೆ ತಡೆಯಲಾರದಷ್ಟು ಕಹಿ. ಈ ಕಹಿ ತೆಗೆಯಲು ಹಣ್ಣನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಇಡುತ್ತಾರೆ. ಇಲ್ಲವೇ ಮೊದಲು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ನೆನೆಸಿ, ತೊಳೆದು, ಆಮೇಲೆ ಉಪ್ಪುನೀರಿಗೆ ಹಾಕುತ್ತಾರೆ. ಗಂಜಿಯೂಟಕ್ಕೆ ನಾವು ಮಾವಿನ ಮಿಡಿಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿಡುವಂತೆಯೇ ಇದು. ಮೆಡಿಟರೇನಿಯನ್ ಸುತ್ತಲಿನ ಜನರಿಗೆ ಓಲಿವ್ ಎಂದರೆ ನಮಗೆ ಉಪ್ಪಿನಕಾಯಿ ಇದ್ದಂತೆ: ಊಟದ ಬದಿಗೆ ನಾಲ್ಕೈದು. ಇಷ್ಟು ತಿಳಿದರೆ ಓಲಿವಿನ ಬಗ್ಗೆ ಅರ್ಧ ತಿಳಿದಂತೆ.

ಉಳಿದರ್ಧ ಉಪ್ಪಿನ ಲೆಕ್ಕ. ಡಬ್ಬಿಯ 100 ಗ್ರಾಂ ಕಪ್ಪು ಓಲಿವಿನಲ್ಲಿ ಸೋಡಿಯಂ 735 ಮಿಲಿಗ್ರಾಂ, ಹಸಿರು ಓಲಿವಿನಲ್ಲಿ 1550 ಮಿಲಿಗ್ರಾಂ ದಾಟುತ್ತದೆ. ಎರಡನೆಯದನ್ನು ಉಪ್ಪಿನ ಲೆಕ್ಕಕ್ಕೆ ತಂದರೆ ಸುಮಾರು 4 ಗ್ರಾಂ. ಒಬ್ಬರಿಗೆ ಇಡೀ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಹಣ್ಣಿಗೆ 4 ಗ್ರಾಂನಂತೆ ಹತ್ತು ಹಸಿರು ಓಲಿವ್ ತಿಂದರೆ ಆ ದಿನದ ಮಿತಿಯ ಸುಮಾರು ಮೂರನೇ ಒಂದು ಪಾಲು ಅಲ್ಲಿಗೇ ಮುಗಿಯಿತು. ಒಣಮೀನು, ಹಪ್ಪಳ, ಉಪ್ಪಿನಕಾಯಿಗಳ ಕರಾವಳಿ ಊಟದ ಜೊತೆ ಇದೂ ಸೇರಿದರೆ ರಕ್ತದೊತ್ತಡದ ಮಾತ್ರೆ ನುಂಗಿಯೂ ಪ್ರಯೋಜನ ಅಷ್ಟಕ್ಕಷ್ಟೇ. 'ಹೃದಯಕ್ಕೆ ಒಳ್ಳೆಯದು' ಎಂದು ರಕ್ತದೊತ್ತಡ ಇರುವ ಅಪ್ಪ ಅಮ್ಮನಿಗೆ ಪ್ರೀತಿಯಿಂದ ಡಬ್ಬಿ ಕಳಿಸುವ ಮಕ್ಕಳು ಗಮನಿಸಬೇಕಾದ ಸಂಗತಿ ಇದು.

ಉಪ್ಪನ್ನು ಬಿಟ್ಟು ನೋಡಿದರೆ ಓಲಿವ್ ಒಳ್ಳೆಯ ಆಹಾರವೇ. ಸಕ್ಕರೆ ಇಲ್ಲದಿರುವುದರಿಂದ ರಕ್ತದ ಸಕ್ಕರೆ ಏರಿಸುವುದಿಲ್ಲ. ವಿಟಮಿನ್ ಇ ಇದೆ, ದ್ರಾಕ್ಷಿಯಲ್ಲಿ ಅದು ತೀರ ಕಡಿಮೆ. ನಾರು ಹಸಿರು ಓಲಿವಿನಲ್ಲಿ ಸುಮಾರು 3 ಗ್ರಾಂ, ದ್ರಾಕ್ಷಿಯಲ್ಲಿ 1 ಗ್ರಾಂಗೂ ಕಡಿಮೆ. ಡಬ್ಬಿಯ ಕಪ್ಪು ಓಲಿವಿನಲ್ಲಿ ಕಬ್ಬಿಣಾಂಶ 3 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಎಂದು ಕೋಷ್ಟಕಗಳು ತೋರಿಸುತ್ತವೆ. ಇದರಲ್ಲೊಂದು ಸ್ವಾರಸ್ಯವಿದೆ. ಕ್ಯಾಲಿಫೋರ್ನಿಯಾ ರೀತಿಯ ಕಪ್ಪು ಓಲಿವ್ ಮರದಲ್ಲೇ ಕಪ್ಪಾದದ್ದಲ್ಲ. ಹಣ್ಣಾಗುವ ಮೊದಲೇ ಕಿತ್ತು, ಸೋಡಾ ದ್ರಾವಣದಲ್ಲಿಟ್ಟು ಗಾಳಿ ಹಾಯಿಸಿ ಕಪ್ಪಾಗಿಸುತ್ತಾರೆ. ಬಣ್ಣ ಮಾಸದಿರಲು ಫೆರಸ್ ಗ್ಲುಕೋನೇಟ್ ಎಂಬ ಕಬ್ಬಿಣದ ಲವಣ ಸೇರಿಸುತ್ತಾರೆ. ಲೆಕ್ಕದಲ್ಲಿ ಕಾಣುವ ಕಬ್ಬಿಣದ ಒಂದು ಪಾಲು ಹೀಗೆ ಬಂದದ್ದು. ಹಸಿರು ಓಲಿವಿನಲ್ಲಿ ಅದು ಅರ್ಧ ಮಿಲಿಗ್ರಾಂನಷ್ಟೇ. ಇನ್ನು ಪೊಟ್ಯಾಶಿಯಂ, ನೆನೆಸಿ ತೊಳೆಯುವಾಗ ಬಹುತೇಕ ನೀರಿಗೆ ಹೋಗುತ್ತದೆ.

ಎಣ್ಣೆಯ ಮಾತು

ಓಲಿವಿಗೆ ಬಂದ ಕೀರ್ತಿಯೆಲ್ಲ ಅದರ ಎಣ್ಣೆಯದು. ಈ ಎಣ್ಣೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಒಲೆಯಿಕ್ ಆಮ್ಲ ಮೊದಲಾದ ಏಕ ಅಪರ್ಯಾಪ್ತ ಕೊಬ್ಬು. ಪರ್ಯಾಪ್ತ ಕೊಬ್ಬು 14 ಶೇಕಡಾ ಮಾತ್ರ. ನಮ್ಮ ತೆಂಗಿನೆಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು 80 ಶೇಕಡಾಕ್ಕಿಂತ ಹೆಚ್ಚು. ಪರ್ಯಾಪ್ತ ಕೊಬ್ಬಿನ ಬದಲು ಅಪರ್ಯಾಪ್ತ ಕೊಬ್ಬು ಬಳಸಿದರೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ ಎಂಬುದರಲ್ಲಿ ತಜ್ಞರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಸ್ಪೇನಿನಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 7447 ಜನರ ಮೇಲೆ 'ಪ್ರೆಡಿಮೆಡ್' ಎಂಬ ದೊಡ್ಡ ಅಧ್ಯಯನ ನಡೆಯಿತು. ಮೆಡಿಟರೇನಿಯನ್ ಊಟದ ಜೊತೆ ಎಕ್ಸ್‌ಟ್ರಾ ವರ್ಜಿನ್ ಓಲಿವ್ ಎಣ್ಣೆ ಪಡೆದವರಲ್ಲಿ, ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ ಪಡೆದವರಿಗಿಂತ ಹೃದಯಾಘಾತ, ಪಾರ್ಶ್ವವಾಯುಗಳು ಸುಮಾರು 30 ಶೇಕಡಾ ಕಡಿಮೆ ಕಂಡುಬಂದವು. 2013ರಲ್ಲಿ ಪ್ರಕಟವಾದ ಈ ವರದಿಯನ್ನು ಜನರನ್ನು ಗುಂಪುಗಳಿಗೆ ಹಂಚಿದ ಕ್ರಮದಲ್ಲಿ ದೋಷ ಕಂಡದ್ದರಿಂದ 2018ರಲ್ಲಿ ಹಿಂದೆಗೆದುಕೊಂಡು, ಲೆಕ್ಕ ತಿದ್ದಿ ಮತ್ತೆ ಪ್ರಕಟಿಸಲಾಯಿತು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಆದರೆ ಅಲ್ಲಿಯ ಜನರು ತರಕಾರಿ, ಬೇಳೆ, ಹಣ್ಣು, ಮೀನು ಇವೆಲ್ಲ ಇದ್ದ ಊಟದ ಮೇಲೆ ಎಣ್ಣೆ ಬಳಸಿದರು ಎಂಬುದನ್ನು ಮರೆಯಬಾರದು. ಹಂದಿಮಾಂಸದ ಬಫಾತ್ ತಿಂದ ಮೇಲೆ ಒಂದು ಚಮಚ ಓಲಿವ್ ಎಣ್ಣೆ ಕುಡಿದರೆ ಆ ಲಾಭ ಸಿಗದು. ಎಣ್ಣೆ ಯಾವುದಾದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕಿಲೋ ಕ್ಯಾಲೊರಿ. ಈ ವಿಷಯದಲ್ಲಿ ಓಲಿವಿಗೆ ರಿಯಾಯಿತಿ ಇಲ್ಲ.

ಕೊಳ್ಳುವಾಗ ಬಾಟಲಿಯ ಮೇಲಿನ ಅಕ್ಷರ ಓದುವುದು ಮುಖ್ಯ. ಎಕ್ಸ್‌ಟ್ರಾ ವರ್ಜಿನ್ ಎಂದರೆ ಯಂತ್ರದಲ್ಲಿ ಹಿಂಡಿ ತೆಗೆದ, ರಾಸಾಯನಿಕ ಬಳಸದ ಎಣ್ಣೆ. ಗಂಟಲಲ್ಲಿ ಸ್ವಲ್ಪ ಕಾರ ಎನಿಸಿದರೆ ಅದು ಕೆಟ್ಟದ್ದಲ್ಲ, ಒಳ್ಳೆಯ ಪಾಲಿಫಿನಾಲುಗಳ ಗುರುತು. ಪೊಮೇಸ್ ಎಂದಿದ್ದರೆ ಅದು ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಕೊಬ್ಬಿನ ವಿಧ ಅದೇ ಆದರೂ ಪಾಲಿಫಿನಾಲುಗಳು ಬಹುತೇಕ ಇಲ್ಲ. ಹೆಸರು ನೋಡಿ ದುಬಾರಿ ಬೆಲೆ ಕೊಟ್ಟು ಇದನ್ನು ಕೊಳ್ಳುವುದಕ್ಕಿಂತ ನೆಲಗಡಲೆ ಎಣ್ಣೆಯೇ ವಾಸಿ. ಅದರಲ್ಲಿಯೂ ಏಕ ಅಪರ್ಯಾಪ್ತ ಕೊಬ್ಬು ಅರ್ಧದ ಹತ್ತಿರ ಇದೆ. ಮೀನು ಸಾರಿಗೆ ತೆಂಗಿನೆಣ್ಣೆಯ ಒಗ್ಗರಣೆ ಬೇಕೇ ಬೇಕೆನ್ನುವವರು ಅದನ್ನು ಇಟ್ಟುಕೊಂಡು, ಪಲ್ಯ, ದೋಸೆಗಳಿಗೆ ಬೇರೆ ಎಣ್ಣೆ ಬಳಸಬಹುದು. ಭಾರತದಲ್ಲಿ ರಾಜಸ್ಥಾನದಲ್ಲಿ ಮಾತ್ರ ಇಸ್ರೇಲಿನ ನೆರವಿನಿಂದ ಹೇಳಿಕೊಳ್ಳುವಷ್ಟು ಓಲಿವ್ ಕೃಷಿ ನಡೆದಿದೆ. ನಮಗೆ ಸಿಗುವುದು ಹೆಚ್ಚಾಗಿ ಸ್ಪೇನ್, ಇಟಲಿಗಳಿಂದ ಬಂದದ್ದು, ಆದುದರಿಂದ ಬೆಲೆ ಇಳಿಯುವ ನಿರೀಕ್ಷೆ ಬೇಡ.

ಇಲ್ಲಿ ಧರ್ಮಸಭೆಯ ನಿಯಮವೊಂದನ್ನು ಸ್ಮರಿಸಬಹುದು. ಬಲಿಪೂಜೆಯ ವೈನು ದ್ರಾಕ್ಷಿಯದೇ ಆಗಿರಬೇಕು, ಅದಕ್ಕೆ ಬದಲಿ ಇಲ್ಲ. ರೋಗಿಗಳಿಗೆ ಹಚ್ಚುವ ಪವಿತ್ರ ತೈಲಕ್ಕೆ ಮಾತ್ರ, ಓಲಿವ್ ಎಣ್ಣೆ ಸಿಗುವುದು ಕಷ್ಟವಾದ ಕಡೆಗಳಲ್ಲಿ ಬೇರೆ ಸಸ್ಯದ ಎಣ್ಣೆಯನ್ನು ಬಳಸಬಹುದೆಂದು ಪೋಪ್ 6ನೇ ಪೌಲ್ 1972ರಲ್ಲಿ ಅನುಮತಿ ನೀಡಿದರು.

ರೋಗಿಗಳ ಭೇಟಿಗೆ ಹೋಗುವವರಿಗೆ

ವಾಳೆಯ ಪರವಾಗಿ ಅಥವಾ ಸಂಘಟನೆಗಳ ಪರವಾಗಿ ಮನೆ ಮನೆಗೆ, ಆಸ್ಪತ್ರೆಗೆ ಹೋಗುವವರು ಮೊದಲು ರೋಗ ಯಾವುದೆಂದು ಕೇಳಿ ತಿಳಿದು ಹಣ್ಣು ಕೊಳ್ಳುವುದು ಒಳ್ಳೆಯದು. ಜ್ವರದಿಂದ ಎದ್ದವರಿಗೆ, ಹಸಿವು ಕಡಿಮೆಯಾದವರಿಗೆ ದ್ರಾಕ್ಷಿ ಹಿತ. ಸಕ್ಕರೆ ಕಾಯಿಲೆಯವರ ಮನೆಗೆ ಕಿಲೋಗಟ್ಟಲೆ ದ್ರಾಕ್ಷಿಯ ಬದಲು ಒಂದೆರಡು ಪೇರಳೆ ಒಯ್ದರೆ ಅವರ ಮನೆಯವರಿಗೂ ನೆಮ್ಮದಿ. ರಕ್ತದೊತ್ತಡ, ಹೃದಯದ ವೈಫಲ್ಯ, ಕಾಲು ಬಾವು ಇರುವವರಿಗೆ ಡಬ್ಬಿಯ ಓಲಿವ್ ಸಲ್ಲದು.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಇವರಿಗೆ ಪೊಟ್ಯಾಶಿಯಂ ಅಪಾಯಕಾರಿ. ನಾವು ಉಪಚಾರವೆಂದು ಒಯ್ಯುವ ಬೊಂಡ, ಬಾಳೆಹಣ್ಣು, ಒಣದ್ರಾಕ್ಷಿ ಮೂರರಲ್ಲಿಯೂ ಅದು ಜಾಸ್ತಿ. ಬಾಳೆಹಣ್ಣಿಗೆ ಹೋಲಿಸಿದರೆ ದ್ರಾಕ್ಷಿಯಲ್ಲಿ ಅರ್ಧದಷ್ಟು ಮಾತ್ರ, ಆದುದರಿಂದ ಕೆಲವೇ ಹಣ್ಣುಗಳಿಗೆ ವೈದ್ಯರು ಒಪ್ಪುವುದುಂಟು. ಕೇಳದೆ ಕೊಡಬಾರದು. ಓಲಿವಿನಲ್ಲಿ ಪೊಟ್ಯಾಶಿಯಂ ಕಡಿಮೆ ಎಂದು ಕೊಡಹೋದರೆ ಉಪ್ಪಿನಿಂದ ಬಾಯಾರಿಕೆ ಹೆಚ್ಚಿ ಬೇರೆಯೇ ತೊಂದರೆ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಲೇಬಾರದು. ಗುಂಡಗೆ, ನುಣುಪಾಗಿರುವ ಹಣ್ಣು ಶ್ವಾಸನಾಳಕ್ಕೆ ಸರಿಯಾಗಿ ಮುಚ್ಚಳದಂತೆ ಕೂತುಬಿಡುತ್ತದೆ. ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಬೇಕು. ಓಲಿವ್ ಆದರೆ ಬೀಜ ತೆಗೆದು ಹೋಳು ಮಾಡಬೇಕು. ಭಾನುವಾರದ ತರಗತಿಯ ಪುಟಾಣಿಗಳಿಗೆ ಹಣ್ಣು ಹಂಚುವವರೂ ಇದನ್ನು ಗಮನಿಸಬೇಕು. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ದ್ರಾಕ್ಷಿ, ಒಣದ್ರಾಕ್ಷಿ ಹಾಕಬೇಡಿ, ಅದರ ಮೂತ್ರಪಿಂಡ ಕೆಡುತ್ತದೆ.

ದ್ರಾಕ್ಷಿಯನ್ನು ತಿನ್ನುವ ಹೊತ್ತಿಗೆ ನಲ್ಲಿಯ ಹರಿಯುವ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಬೇಕು. ಮೊದಲೇ ತೊಳೆದಿಟ್ಟರೆ ಬೇಗ ಕೊಳೆಯುತ್ತದೆ. ಓಲಿವ್ ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಎಸೆಯಬೇಕಾಗಿಲ್ಲ. ಬೇಕಾದಷ್ಟನ್ನು ತೆಗೆದು, ಒಂದೆರಡು ಬಾರಿ ನೀರು ಬದಲಿಸಿ ನೆನೆಸಿದರೆ ಉಪ್ಪಿನ ಒಂದು ಪಾಲು ಇಳಿಯುತ್ತದೆ. ನಾಲ್ಕೈದನ್ನು ಹೆಚ್ಚಿ ಸೌತೆಕಾಯಿ, ಟೊಮೆಟೊ ಹೋಳುಗಳಿಗೆ ಬೆರೆಸಿ, ಬೇರೆ ಉಪ್ಪು ಹಾಕದೆ ತಿನ್ನಬಹುದು. ತೆರೆದ ಮೇಲೆ ಉಳಿದದ್ದನ್ನು ತಗಡಿನ ಡಬ್ಬಿಯಲ್ಲೇ ಬಿಡದೆ, ಅದರ ನೀರಿನ ಸಮೇತ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ.